ಬಿಳಿ ಟವೆಲಿನ ಸಿಂಹಾಸನ

ಕಡತಗಳು ಕುಲಪರ್ವತಗಳಾಗಿ ಬೆಳೆದು, ಸುತ್ತೋಲೆಗಳು ಮಿಡತೆಗಳಂತೆ ದಶದಿಕ್ಕಿಗೂ ಹಾರುತ್ತಿದ್ದ ಆ ಮಹಾಯುಗದಲ್ಲಿ, ಹಿರೇಮಸಳಿಯ ಸರಕಾರಿ ಶಾಲೆಯನ್ನು ಆಳುತ್ತಿದ್ದ ಸೀಮೆಸುಣ್ಣಧೂಳಿಧವಳಹಸ್ತೆ, ಮುಖ್ಯೋಪಾಧ್ಯಾಯಿನಿ ನೀಲಗಂಗಾ ಹೊಂಬಳರ ಮೌನವನ್ನು, ಎಲೈ ವಾಗ್ದೇವಿಯೇ, ನನ್ನಿಂದ ಹಾಡಿಸು.

ಆಕೆಯ ಆಸೆ ಒಂದೇ. ಐದನೆಯ ತರಗತಿಗೆ ಬಂದರೂ ಒಂದು ಸಾಲು ಓದಲು ತಿಣುಕುವ ತನ್ನ ಶಾಲೆಯ ಮಕ್ಕಳಿಗೆ ವಿಶ್ವವಿದ್ಯಾಲಯದ ಬಿ.ಎಡ್. ವಿದ್ಯಾರ್ಥಿಗಳು ಬಂದು ಓದು ಕಲಿಸಬೇಕು. ಅದಕ್ಕಾಗಿ ಶಿಕ್ಷಣ ಇಲಾಖೆಯೂ ವಿಶ್ವವಿದ್ಯಾಲಯವೂ ಅಂದು ಅದೇ ಶಾಲೆಯಲ್ಲಿ ಒಪ್ಪಂದಕ್ಕೆ ಸಹಿ ಹಾಕಬೇಕಿತ್ತು.

ಆದರೆ ವೇದಿಕೆಯ ಪ್ಲಾಸ್ಟಿಕ್ ಕುರ್ಚಿಗಳ ನಡುವೆ, ತಾರೆಗಳ ನಡುವಣ ಚಂದ್ರನಂತೆ, ಬೆನ್ನಿಗೆ ಬಿಳಿ ಟವೆಲ್ ಹೊದ್ದ ಮರದ ಕುರ್ಚಿಯೊಂದು ಹೊಳೆಯುತ್ತಿತ್ತು. ದೊಡ್ಡವರ ಆಸನಕ್ಕೆ ಅದಕ್ಕಿಂತ ಬೇರೆ ಗುರುತು ಬೇಕೆ? ಧೂಳೆಬ್ಬಿಸಿದ ಜೀಪಿನಿಂದಿಳಿದ ಸಕಲತಾಲ್ಲೂಕುಶಾಲಾಧೀಶ್ವರ, ಕ್ಷೇತ್ರ ಶಿಕ್ಷಣಾಧಿಕಾರಿ ಅಂದಾನೆಪ್ಪ ಕೊಪ್ಪದರು ಅದರ ಬಲತೋಳು ಹಿಡಿದರು. ಅದೇ ಕ್ಷಣ ಪ್ರಬಂಧಕೋಟಿಪಾರಂಗತ, ವಿಶ್ವವಿದ್ಯಾಲಯದ ಡೀನ್ ಗಲಗಲಿಯವರು ಎಡತೋಳು ಹಿಡಿದರು.

“ಈ ತಾಲ್ಲೂಕಿನ ಒಂದೊಂದು ಹಂಚೂ ನನ್ನ ಸಹಿ ಇಲ್ಲದೆ ಮಾಡು ಏರಿಲ್ರೀ,” ಎಂದು ಕೊಪ್ಪದರು ಗರ್ಜಿಸಿದರು.

“ಆ ಹಂಚಿನ ಕೆಳಗ ಪಾಠ ಹೇಳೋ ಮಾಸ್ತರರೆಲ್ಲಾ ನನ್ನ ಶಿಷ್ಯರು, ಸಾಹೇಬರ. ನಿಮ್ಮ ಮಾರ್ಕ್ಸ್ ಕಾರ್ಡಿನ ಮ್ಯಾಲೂ ನನ್ನ ಸಹಿ ಇರಬೇಕು ನೋಡ್ರಿ.”

ನೀಲಗಂಗಾ ಒಳಗೊಳಗೇ ಬೆಂದರು. ಆ ಕುರ್ಚಿಯ ಹಿಂಗಾಲು ಮುರಿದಿತ್ತು. ಯಾರೂ ಕೂರದಿರಲಿ ಎಂದು ಗುರುತಿಗೆ ಟವೆಲ್ ಹಾಕಿದವರು ಅವರೇ. ಈಗ ಬಾಯಿ ಬಿಟ್ಟರೆ, ಇಬ್ಬರು ಮಹಾರಥರು ಹೊಡೆದಾಡಿದ್ದು ಮುರುಕು ಕುರ್ಚಿಗೆ ಎಂದು ಊರೆಲ್ಲ ನಗುತ್ತದೆ. ಅವಮಾನವಾದ ಕೈ ಸಹಿ ಹಾಕುವುದೆ? ಬಾಯಿ ಬಿಡದಿದ್ದರೆ ಒಬ್ಬರ ಸೊಂಟ ಉಳಿಯದು.

“ಸರ, ಆ ಕುರ್ಚಿ...”

“ನೀವು ಸುಮ್ನಿರ್ರಿ ಬಾಯಾರ,” ಎಂದರು ಇಬ್ಬರೂ ಒಂದೇ ಸ್ವರದಲ್ಲಿ. ಅಂದು ಅವರಿಬ್ಬರೂ ಒಮ್ಮತಕ್ಕೆ ಬಂದ ಮೊದಲ ವಿಷಯ ಅದು.

ಎರಡನೆಯದು, ಅರ್ಧರ್ಧ ಕೂರುವುದು. ಮಹಾಸಾಮ್ರಾಜ್ಯಗಳೆರಡು ಒಂದೇ ಗಡಿಯ ಮೇಲೆ ಇಳಿಯುವಂತೆ, ಗಂಭೀರವಾಗಿ, ಒಟ್ಟಿಗೆ, ಅವರು ಇಳಿದರು. ಕುರ್ಚಿಯೂ ಇಳಿಯಿತು.

ಧೂಳು ಅಡಗಿದಾಗ ವೀರರಿಬ್ಬರೂ ವೇದಿಕೆಗೆ ತಂದು ಹಾಸಿದ್ದ ಒಂದನೆಯ ತರಗತಿಯ ಜಮಖಾನೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಯಾರಾದರೂ ನಗುವ ಮೊದಲೇ ನೀಲಗಂಗಾ ಒಪ್ಪಂದದ ಹಾಳೆಗಳನ್ನು ನೆಲದ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದು, ಎದುರಿಗೆ ತಾವೂ ಕುಳಿತರು.

“ನಾವು ಬೇಕಂತನ ಕುಂತೀವಿ,” ಎಂದರು ಡೀನ್ ಸೊಂಟ ಒತ್ತಿಕೊಳ್ಳುತ್ತ. “ಮಕ್ಕಳು ಕುಂದರೋದು ಇಲ್ಲೇ ಅಲ್ಲೇನು?”

“ಮತ್ತ?” ಎಂದರು ಕೊಪ್ಪದರು. “ಎಲ್ಲಿ ಹಾಕಬೇಕ್ರೀ ಸಹಿ?”

ಸೋಮವಾರ ಬಿ.ಎಡ್. ವಿದ್ಯಾರ್ಥಿಗಳು ಬಂದರು. ಜಗತ್ತನ್ನೇ ನಡುಗಿಸಿದ ಆ ಟವೆಲ್ ಮಾತ್ರ ಅಂದಿನಿಂದ ಕಪ್ಪು ಹಲಗೆಯ ಪಕ್ಕದ ಮೊಳೆಗೆ ನೇತುಬಿದ್ದಿದೆ. ಅಕ್ಷರ ಒರೆಸಲು ಛಲೋ ಆಗುತ್ತದಂತೆ.