ಸಪ್ಪಳವಿಲ್ಲದ ಸಾಯಕಲ್ಲು

ಬಳೆಗಾರ ಭಾಯಿಯ ಸಾಯಕಲ್ಲಿನ ಸುದ್ದಿಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಹಿಟ್ಟಿನ ಗಿರಣಿಯ ಅಣ್ಣಾ. ಅಂದಿನಿಂದ ಆ ಸಾಯಕಲ್ಲಿನದು ಏನಾದರೊಂದು ನಡೆಯುತ್ತಲೇ ಬಂತು. ಕೆಲವನ್ನು ಕೇಳಿದೆ, ಕೆಲವನ್ನು ಕಣ್ಣಾರೆ ಕಂಡೆ, ಒಂದರಲ್ಲಿ ನಾನೇ ಸಿಕ್ಕೆ.

ನಾನು ಜೋಳ ಬೀಸಿಕೊಂಡು ಬರಲು ಹೋದ ದಿನ ಅಣ್ಣಾ ಗಿರಣಿ ಬಂದ್ ಮಾಡಿ ಹೇಳಿದರು: "ಕಾಕಾ, ಬಳಿಗಾರ ಭಾಯಿ ಸಾಯಕಲ್ ಮ್ಯಾಲ ಹೊಂಟಿದ್ರು. ಕಾಲು ಆಡಸ್ಲಿಲ್ಲ, ಸಪ್ಪಳ ಇಲ್ಲ. ದಿನ್ನಿ ಏರಿ ಹೋದ್ರು."

"ಇಳಕಲು ಇದ್ದೀತು," ಅಂದೆ.

"ಏರಿ ಹೋದ್ರು ಅಂದ್ನೆಲ್ರಿ."

ನಾನು ಹಿಟ್ಟು ತೆಗೆದುಕೊಂಡು ಮನೆಗೆ ಬಂದೆ. ತಿಳಿಯದ ವಿಷಯಕ್ಕೆ ಬಾಯಿ ಹಾಕುವುದು ನಮ್ಮ ಮನೆತನದ ಪದ್ಧತಿಯಲ್ಲ.

ಓದುವವರಿಗೆ ಆ ದಾರಿಯ ಪರಿಚಯ ಬೇಕು. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಕನ್ನಡದ ಊರಿಂದ, ಬಾಜಾರ ಕೂಡುವ ಸಂಖ ಊರಿನ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಸಾಲಿ ಹುಡುಗಿಯರು ಕಬ್ಬಿನ ಟ್ರ್ಯಾಕ್ಟರಿಗೆ ಸಿಗದೆ ಸಾಯಕಲ್ ಮೇಲೆ ಹೋಗಿಬರಲಿ ಎಂದು ಫರಸಿ ಕಲ್ಲು ಹಾಸಿ ಒಂದು ಸಣ್ಣ ದಾರಿ ಮಾಡಿದ್ದಾರೆ. ಅದರ ಬಾಯಿಗೆ ಒಂದು ಫಲಕ. ಸಾಯಕಲ್ಲಿಗೆ ಮಾತ್ರ ಎಂದು ಮರಾಠಿಯಲ್ಲಿ ಬರೆದಿದೆ. ಕುರಿಗಳಿಗೆ ಓದಲು ಬರುವುದಿಲ್ಲವಾದ್ದರಿಂದ ಅವು ಮೊದಲ ದಿನದಿಂದಲೇ ಅದರ ಮೇಲೆ ಹೋದವು. ಕುರಿಗಳ ಹಿಂದೆ ಮನುಷ್ಯರು ಹೋದರು. ಆಮೇಲೆ ಊರವರು ರಾಶಿಯ ಮಾಲನ್ನೂ ಅಲ್ಲೇ ಹಾಸಿದರು. ಯಾರೂ ಯಾರಿಗೂ ಏನೂ ಅನ್ನಲಿಲ್ಲ.

ಭಾಯಿ ಹಳ್ಳಿಹಳ್ಳಿ ತಿರುಗಿ ಗಾಜಿನ ಬಳೆ ಇಡುವವರು. ಅವರ ತಂದೆ ನಮ್ಮ ತಾಯಿಗೆ ಬಳೆ ಇಟ್ಟವರು. ಮೊಳಕಾಲು ಹಿಡಿದುಕೊಂಡ ಮೇಲೆ ಅವರು ಈ ಬ್ಯಾಟರಿ ಸಾಯಕಲ್ ಕೊಂಡರು. ದೊಡ್ಡ ರಸ್ತೆ ತಗ್ಗು ಬಿದ್ದದ್ದು. ಒಮ್ಮೆ ಆ ರಸ್ತೆಯಲ್ಲೇ ಸಂಖದ ಬಾಜಾರ ಮುಟ್ಟಿ ಪೆಟ್ಟಿಗೆ ತೆರೆದರೆ ಒಳಗೆ ಬರೀ ಚೂರು. ಫರಸಿಯ ದಾರಿಯಲ್ಲಿ ಮಾತ್ರ ಬಳೆ ಬಳೆಯಾಗಿಯೇ ಮುಟ್ಟುತ್ತಿದ್ದವು. ಆ ದಾರಿ ತಪ್ಪಿದರೆ ಭಾಯಿಯ ಉದ್ಯೋಗ ಮುಗಿಯಿತು. ಇದು ಊರಿಗೆಲ್ಲ ಗೊತ್ತಿತ್ತು, ಭಾಯಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು.

೧. ಹಿಂದಿನಿಂದ ಬಂದ ದನಿ

ನಾನು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಅದೇ ದಾರಿಯಲ್ಲಿ ಊರ ಹೊರಗಿನ ಈಶ್ವರ ಗುಡಿಗೆ ಹೋಗುತ್ತೇನೆ. ಹೋಗುವಾಗ ನಾಮಸ್ಮರಣೆ ಮಾಡುತ್ತ, ನಡುನಡುವೆ ಭಗವಂತನ ಜೊತೆ ಎರಡು ಮಾತೂ ಆಡುತ್ತೇನೆ. ಅವನು ಉತ್ತರ ಕೊಡುವುದಿಲ್ಲ. ನಾನು ನಿರೀಕ್ಷಿಸುವುದೂ ಇಲ್ಲ.

ಅವತ್ತು ಮಂಜು ಬಿದ್ದಿತ್ತು. ದಾರಿಯಲ್ಲಿ ನರಮನುಷ್ಯರಿಲ್ಲ. ನನಗೆ ಭಕ್ತಿ ಉಕ್ಕಿ ಬಂತು. ಗಟ್ಟಿಯಾಗಿಯೇ ಕೇಳಿದೆ: "ತಂದೀ, ಇಷ್ಟು ವರ್ಷ ಕರದೆ. ಎಲ್ಲಿ ಅದೀಯಪ್ಪಾ ನೀನು?"

ಕಿವಿಯ ಹತ್ತಿರ, ಬಹಳ ಮೃದುವಾದ ಒಂದು ದನಿ ಅಂತು: "ನಿಮ್ಮ ಹಿಂದ ಅದೀನ್ರಿ ಕಾಕಾ."

ನನ್ನ ಕೈ ತಾನೇ ಮುಗಿಯಿತು. ಕಣ್ಣು ಮುಚ್ಚಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. "ನನ್ನಿಂದ ಏನಾಗಬೇಕು, ಹೇಳು," ಅಂದೆ.

"ಜರಾ ಎಡಕ್ಕ ಸರೀರಿ."

ಸರಿದೆ. ಸರಿದು ಗಟಾರಿಗೆ ಬಿದ್ದೆ. ಕಣ್ಣು ತೆರೆದಾಗ ಬಳೆಗಾರ ಭಾಯಿ ಸಾಯಕಲ್ ನಿಲ್ಲಿಸಿ ಕೈ ಚಾಚಿದ್ದರು.

"ಅಷ್ಟು ಸರೀರಿ ಅಂದಿದ್ದಿಲ್ರಿ," ಅಂದರು.

೨. ಆಯಿಯ ಹುರಳಿ

ನಮ್ಮ ಕಡೆ ಹುರಳಿ ಕಿತ್ತರೆ ಕಣಕ್ಕೆ ಒಯ್ಯುವುದು ಕಡಿಮೆ. ರಸ್ತೆಯ ಮೇಲೆ ಹರವುತ್ತಾರೆ. ಹೋಗಿಬರುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ಊರೆಲ್ಲ ಆಯಿ ಎಂದು ಕರೆಯುವ ಮುದುಕಿಯೊಬ್ಬಳಿದ್ದಾಳೆ. ದೊಡ್ಡ ರಸ್ತೆಯಲ್ಲಿ ಟ್ರ್ಯಾಕ್ಟರು ಕಾಳನ್ನೇ ಹಿಟ್ಟು ಮಾಡುತ್ತವೆ ಎಂದು ಅವಳು ತನ್ನ ಹುರಳಿಯನ್ನು ಸಾಯಕಲ್ ದಾರಿಯ ಮೇಲೆ ಹಾಸಿ ಮಗ್ಗುಲಲ್ಲಿ ಕೂತಿದ್ದಳು.

ಭಾಯಿ ಬಂದು ನಿಂತರು. "ಆಯಿ, ದಾರಿ ಬಿಡವಾ."

"ಬಿಟ್ಟೀನಲ್ಲ, ಹುರಳಿ ಮ್ಯಾಲ ಹಾಯ್ಸು."

ಹಾಯಿಸಿದರು. ಆಯಿ ಎದ್ದು ಹೋಗಿ ಹುರಳಿ ಬಳ್ಳಿ ಎತ್ತಿ ನೋಡಿದಳು. ಒಂದು ಕಾಯಿಯೂ ಒಡೆದಿರಲಿಲ್ಲ.

"ಇನ್ನೊಮ್ಮಿ ಹಾಯ್ಸು."

ಭಾಯಿ ತಿರುಗಿ ಬಂದರು, ಮತ್ತೆ ಹೋದರು. ಹಿರಿಯರ ಮಾತು ಮೀರುವ ಮನುಷ್ಯರಲ್ಲ ಅವರು. ಹುರಳಿ ಇದ್ದಂಗೇ ಇತ್ತು.

"ಎಂಥಾ ಗಾಡೀನೋ ಇದು? ಗುಬ್ಬಿ ಕುಂತಂಗ ಹೋಗ್ತದ. ವಜನ ಇಲ್ಲೇನಿದಕ್ಕ?"

"ಬ್ಯಾಟರಿ ಗಾಡಿ ಆಯಿ. ಹಗೂರ ಇರ್ತದ."

ಆಯಿ ಸಾಯಕಲ್ಲನ್ನು ಹಿಂದೆ ಮುಂದೆ ನೋಡಿದಳು. "ಬ್ಯಾಟರಿ ಈಗ ತುಂಬೇದೋ, ಖಾಲಿ ಆಗೇದೋ?"

"ಅರ್ಧ ಅದ."

"ಅದಕ್ಕ ಮತ್ತ!" ಅಂದಳು ಆಯಿ. "ಮನೀಗಿ ಹೋಗಿ ಪೂರ್ತಿ ಕರೆಂಟು ತುಂಬಸ್ಕೊಂಡು ಬಾ. ವಜನ ಬಂದ ಮ್ಯಾಲ ಹಾಯ್ಸು."

೩. ಬೆವರಿನ ಪರೀಕ್ಷೆ

ನಾನು ಗಟಾರಿಗೆ ಬಿದ್ದ ಮೇಲೆ ಭಾಯಿ ಹೆದರಿ, ಎಲ್ಲ ಕಡೆ ಹಾರ್ನ್ ಬಾರಿಸತೊಡಗಿದರು. ಆ ಹಾರ್ನು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕೂಗುತ್ತಿತ್ತು. ನಮ್ಮೂರ ಕುರಿಗಾರನ ಹಿಂಡು ಅದನ್ನು ಕೇಳಿ ದಿಕ್ಕಾಪಾಲಾಗಿ ಪಕ್ಕದ ಜೋಳಕ್ಕೆ ನುಗ್ಗಿತು. ಜೋಳದವನು ಕುರಿಗಾರನನ್ನು ಬೈದ. ಬೈಸಿಕೊಂಡ ಕುರಿಗಾರ, ಮೇ ಒಂದರ ಮಹಾರಾಷ್ಟ್ರ ದಿನದ ಗ್ರಾಮಸಭೆಗೆ ಬಂದು ತಕರಾರು ಹೇಳಿದ. ಹುರಳಿ ಬಿಡಿಸಿಕೊಡಲಿಲ್ಲವೆಂದು ಆಯಿಯೂ ತನ್ನದೊಂದು ಸೇರಿಸಿದಳು.

ಪಂಚಾಯತಿಯ ಕಾಗದಪತ್ರ ನೋಡುವ ಗ್ರಾಮಸೇವಕರು ಹೊರಗಿನವರು, ಕಾಯದೆಯ ಮನುಷ್ಯರು. "ಫಲಕದ ಮ್ಯಾಲ ಸಾಯಕಲ್ ಅಂತ ಬರದದ. ಬ್ಯಾಟರಿ ಇತ್ತಂದ್ರ ಅದು ಗಾಡಿ. ಗಾಡಿ ದೊಡ್ಡ ರಸ್ತಾದ ಮ್ಯಾಲ ಹೋಗ್ಬೇಕು," ಅಂದರು.

ದೊಡ್ಡ ರಸ್ತೆ ಅಂದ ಕೂಡಲೇ ಭಾಯಿಯ ಮುಖ ಇಳಿಯಿತು. "ಸಾಹೇಬ್ರ, ಪೆಡಲ್ ಅದ ನೋಡ್ರಿ. ತುಳೀತೀನಿ ನೋಡ್ರಿ."

ಸಭೆಯಲ್ಲಿ ಎರಡು ಪಕ್ಷವಾಯಿತು. ಪೆಡಲ್ ಇದ್ದರೆ ಸಾಯಕಲ್ ಎಂದು ಒಂದು, ಬ್ಯಾಟರಿ ಇದ್ದರೆ ಗಾಡಿ ಎಂದು ಇನ್ನೊಂದು. ಆಗ ಮಾಜಿ ಸರಪಂಚರು ಕೈ ಎತ್ತಿದರು. ಅವರು ಮಾತಾಡುವುದು ಕಡಿಮೆ.

"ನಾನೂ ಸಾಯಕಲ್ ತುಳದೀನಿ," ಅಂದರು. "ಸಾಯಕಲ್ ಅಂದ್ರ ಬೆವರು ಬರಬೇಕು. ಗುಡಿ ತನಕ ಹೋಗಿ ಬರ್ಲಿ. ಬೆವರು ಬಂದಿದ್ರ ಸಾಯಕಲ್, ಬರದಿದ್ರ ಗಾಡಿ."

ಎಲ್ಲರೂ ಒಪ್ಪಿದರು. ಭಾಯಿ ಶಕ್ತಿ ಮೀರಿ ಕಾಲು ಆಡಿಸುತ್ತ ಹೋದರು. ಆ ಬಿಸಿಲಿನಲ್ಲಿ ನಾವು ಕೂತಲ್ಲೇ ತೊಯ್ದು ತೊಪ್ಪೆಯಾಗಿದ್ದೆವು. ಸಾಯಕಲ್ ಓಟಕ್ಕೆ ಗಾಳಿ ಬಡಿದು, ಭಾಯಿ ತಿರುಗಿ ಬಂದಾಗ ಆಗಷ್ಟೇ ಮುಖ ತೊಳೆದು ಒರೆಸಿಕೊಂಡವರ ಹಾಗೆ ಕಾಣುತ್ತಿದ್ದರು. ಮಾಜಿ ಸರಪಂಚರು ಅವರ ಹಣೆಯ ಮೇಲೆ ಬೆರಳು ಎಳೆದು, ಬೆರಳನ್ನು ಸಭೆಗೆ ತೋರಿಸಿದರು. ಒಣಗಿತ್ತು.

"ಹಂಗಾದ್ರ ದಾರಿ ಬಂದ್," ಅಂದರು ಗ್ರಾಮಸೇವಕರು.

ಆ ಮಾತು ಕಿವಿಗೆ ಬಿದ್ದದ್ದೇ, ಭಾಯಿಯ ಹಣೆಯಿಂದ ಬೆವರು ದಳದಳ ಇಳಿಯಿತು. ಕಿವಿ, ಕೊರಳು, ಗಡ್ಡ, ಎಲ್ಲ ಕಡೆಯಿಂದ.

ಮಾಜಿ ಸರಪಂಚರು ಬಗ್ಗಿ ನೋಡಿದರು. "ಬಂತು ನೋಡ್ರಿ," ಅಂದರು. "ಸಾಯಕಲ್."

೪. ಬಾಯಿಯ ಹಾರ್ನು

ಪಂಚಾಯತಿಯ ಈಗಿನ ಅಧ್ಯಕ್ಷೆ, ನಾವು ಸರಪಂಚ ಬಾಯಿ ಎನ್ನುವವಳು, ಸಮಾಧಾನದ ಹೆಣ್ಣುಮಗಳು. ಆ ಬೆವರನ್ನು ಗ್ರಾಮಸೇವಕರು ಒಪ್ಪದಿದ್ದಾಗ, ಅದೇ ಸಭೆಯಲ್ಲಿ ಅವಳು ನಡುವಿನ ದಾರಿ ಹುಡುಕಿದಳು. ಹದಿನೈದು ಆಗಸ್ಟಿನ ಸಭೆಯ ತನಕ ಭಾಯಿ ಫರಸಿಯ ಮೇಲೇ ಹೋಗಲಿ. ಆದರೆ ಸಪ್ಪಳ ಮಾಡುತ್ತ ಹೋಗಬೇಕು. ಹಾರ್ನು ಮಾತ್ರ ಬೇಡ, ಕುರಿ ಅಂಜುತ್ತವೆ. ಆ ಸಭೆಯಲ್ಲಿ ಒಂದೇ ಒಂದು ತಕರಾರು ಬಂದರೂ ದಾರಿ ಬಂದ್.

"ಹಾರ್ನ್ ಇಲ್ದ ಹೆಂಗ ಸಪ್ಪಳ ಮಾಡ್ಲಿರಿ ಬಾಯಿ?"

"ದೇವರು ಬಾಯಿ ಕೊಟ್ಟಾನಲ್ಲ ಭಾಯಿ."

ಭಾಯಿ ಮರುದಿನದಿಂದ ಕೂಗುತ್ತ ಹೊರಟರು. ಆದರೆ ಹುಟ್ಟಿದಾಗಿನಿಂದ ಅವರ ಬಾಯಿಗೆ ರೂಢಿಯಾದ ಕೂಗು ಒಂದೇ. "ಸರೀರಿ" ಎಂದು ಶುರುಮಾಡಿದರೂ ಎರಡನೆಯ ಸಲಕ್ಕೆ ಅದು "ಬಳೀ... ಹಸರ ಬಳೀ..." ಆಗುತ್ತಿತ್ತು.

ಮಳೆಯಾಗಿ ಕಳೆ ತೆಗೆಯುವ ದಿನಮಾನ ಬಂತು. ಒಂದು ಬಾಜಾರದ ದಿನ ದಾರಿಯ ಎರಡೂ ಕಡೆ ಹೊಲಗಳಲ್ಲಿ ಹೆಣ್ಣಾಳುಗಳು ಬಗ್ಗಿ ಕೂತಿದ್ದರು. ಕೂಗು ಕೇಳಿದ ಕೂಡಲೇ ಎದ್ದು ಬಂದು ದಾರಿಗೆ ಅಡ್ಡ ನಿಂತು ಕೈ ಚಾಚಿದರು. ಹೆಣ್ಣುಮಗಳು ಚಾಚಿದ ಕೈಯನ್ನು ಬಳೆಗಾರ ಬರಿದು ಕಳಿಸಬಾರದು. ಅದು ಅವರ ವಂಶದ ನೇಮ. ಇಳಿದರು, ಪೆಟ್ಟಿಗೆ ಬಿಚ್ಚಿದರು, ಬಳೆ ಇಟ್ಟರು. ಮುಂದಿನ ಹೊಲದ ಹತ್ತಿರ ದಾರಿಯ ಮೇಲೆ ಯಾರೋ ನಡೆದು ಹೊರಟಿದ್ದರು, ಮತ್ತೆ ಕೂಗಿದರು, ಮತ್ತೆ ಕೈಗಳು ಬಂದವು. ಸಂಖದ ಬಾಜಾರಕ್ಕೆ ಹೊರಟವರು ಬಾಜಾರ ಮುಗಿದ ಮೇಲೆ, ಖಾಲಿ ಪೆಟ್ಟಿಗೆಯೊಡನೆ ಮುಟ್ಟಿದರು.

ಸಂಜೆಗೆ ಹೊಲದವರು ಸಿಟ್ಟಿಗೆದ್ದರು. ನನ್ನ ಹೊಲದಲ್ಲೂ ಕಳೆ ಇದ್ದಲ್ಲೇ ಇತ್ತು. ಎಲ್ಲರೂ ಬಂದು, "ಕಾಕಾ, ನೀವು ಹಿರೇರು. ತಕರಾರು ನೀವು ಹೇಳ್ರಿ," ಅಂದರು. ನಾನು ಒಪ್ಪಿ ಎದ್ದೆ. ಅಷ್ಟರಲ್ಲಿ ನಮ್ಮ ಮನೆಯಾಕೆ ಚಹಾ ತಂದು ಎಲ್ಲರ ಮುಂದೆ ಇಟ್ಟಳು. ಅವಳ ಎರಡೂ ಕೈ ಮೊಣಕೈತನಕ ಹಸಿರಾಗಿದ್ದವು.

ನಾನು ಕೂತೆ.

೫. ಸಭೆಗೆ ಬಂದವರು

ಕೂಗುವುದನ್ನು ಬಿಟ್ಟರೆ ಸಪ್ಪಳವಿಲ್ಲ. ಕೂಗಿದರೆ ಕಳೆ ಉಳಿಯುತ್ತದೆ. ಭಾಯಿಗೆ ಊಟ ರುಚಿಸದಾಯಿತು. ಆಗಸ್ಟ್ ಹದಿನೈದರ ಬೆಳಿಗ್ಗೆ, ಕುರಿಗಾರ ತಾನೇ ಅವರ ಮನೆಗೆ ಹೋದ. ಮೊದಲ ತಕರಾರು ತನ್ನದು ಎಂಬುದು ಅವನ ಮನಸ್ಸಿಗೂ ಚುಚ್ಚುತ್ತಿತ್ತು.

"ಭಾಯಿ, ಇದನ್ನ ಕಟ್ಟು," ಎಂದು ಒಂದು ಹಿತ್ತಾಳೆ ಗಂಟೆ ಕೊಟ್ಟ. "ಹಿಂಡಿನ ಮುಂದ ನಡ್ಯೋ ಟಗರಿಂದು. ಕುರಿ ಇದಕ್ಕ ಅಂಜಂಗಿಲ್ಲ. ಮಂದಿಗೂ ಕೇಳಸ್ತದ."

"ಟಗರಿಗಿ ಬ್ಯಾಡೇನು ಮಾವಾ?"

"ಆ ಟಗರು ಸತ್ತು ಭಾಳ ದಿನ ಆತು. ಕುರೀಗೇನು ನೆನಪಿರ್ತದ, ಕಟ್ಟು."

ಭಾಯಿ ಕಟ್ಟಿಕೊಂಡು ಸಭೆಗೆ ಹೊರಟರು.

ನಾವು ಝೇಂಡಾ ಏರಿಸಿ ಬೇವಿನ ಗಿಡದ ಕೆಳಗೆ ಕೂತಿದ್ದೆವು. ದೂರದಿಂದ ಗಂಟೆಯ ಸಪ್ಪಳ ಬಂತು. ಇಂಪಾಗಿತ್ತು. ದಾರಿಯ ಮೇಲಿದ್ದವರು ಕೇಳಿ ತಾವೇ ಮಗ್ಗುಲಿಗೆ ಸರಿದರು. "ಚಲೋ ಆತು ನೋಡ್ರಿ," ಅಂದಳು ಸರಪಂಚ ಬಾಯಿ.

ತಿರುವಿನಲ್ಲಿ ಭಾಯಿ ಕಂಡರು. ಅವರ ಹಿಂದೆ ಒಂದು ಕುರಿ ಕಂಡಿತು. ಅದರ ಹಿಂದೆ ಇನ್ನೊಂದು. ಆಮೇಲೆ ಹಿಂಡೇ ಕಂಡಿತು. ಫರಸಿ ಬಿಟ್ಟು ಒಂದು ಹೆಜ್ಜೆ ಹೊರಗೆ ಇಡದೆ, ಸಾಲು ಹಿಡಿದು, ತಲೆ ತಗ್ಗಿಸಿ, ಅವು ಯಾತ್ರೆಗೆ ಹೊರಟ ಭಕ್ತರ ದಿಂಡಿಯ ಹಾಗೆ ಬರುತ್ತಿದ್ದವು.

ಭಾಯಿ ಸಭೆಯ ಮುಂದೆ ಬಂದು ನಿಂತರು. ಕುರಿಗಳೂ ನಿಂತು, ಅವರ ಮುಖ ನೋಡಿದವು.

"ಇದೇನು ಭಾಯಿ?" ಅಂದಳು ಸರಪಂಚ ಬಾಯಿ.

"ನಾ ಏನ್ ಮಾಡ್ಲಿರಿ ಬಾಯಿ! ಜೋರ್ ಹೋದ್ರ ಓಡ್ತಾವ. ಸಾವಕಾಶ ಹೋದ್ರ ಸಾವಕಾಶ ಬರ್ತಾವ."

"ಗಂಟಿ ಬಿಚ್ಚಿ ಒಗೀಬೇಕಿಲ್ಲೊ?"

"ಬಿಚ್ಚಿದ್ರ ಸಪ್ಪಳ ಇಲ್ದಂಗ ಆಗ್ತದಲ್ರಿ! ಕಾಯದೆ ಮುರದಂಗ ಆಗ್ತದಲ್ರಿ!"

ಗ್ರಾಮಸೇವಕರು ಸಭೆಯ ವಹಿ ತೆರೆದರು. "ಯಾರ್ದರ ತಕರಾರು ಅದ ಏನು?"

ಅಷ್ಟರಲ್ಲಿ ಕುರಿಗಾರ ಏದುಸಿರು ಬಿಡುತ್ತ ಓಡಿ ಬಂದ. ಎಲ್ಲರೂ ಅವನನ್ನೇ ನೋಡಿದರು. ಭಾಯಿ ಕಣ್ಣು ಮುಚ್ಚಿ ಅಲ್ಲಾನನ್ನು ನೆನೆದರು. ನಾನೂ ಮನಸ್ಸಿನಲ್ಲಿ ಈಶ್ವರನಿಗೆ ಅವರ ಸಲುವಾಗಿ ಒಂದು ಮಾತು ಹೇಳಿದೆ.

ಕುರಿಗಾರ ಹಿಂಡನ್ನು ನೋಡಿದ. ದಾರಿಯ ಎರಡೂ ಕಡೆಯ ಸಜ್ಜೆಯನ್ನು ನೋಡಿದ.

"ಒಂದಾದ್ರೂ ಸಜ್ಜಿಗಿ ಬಾಯಿ ಹಾಕೇದೇನ್ರಿ?"

"ಇಲ್ಲ."

"ನಾ ಬಡಿಗಿ ಹಿಡದು, ಬಾಯಿ ಸೋಲೂತನ ಬೈದ್ರೂ ಹಿಂಗ ನಡದಿಲ್ಲ ಇವು," ಅಂದ. "ನಂದೇನು ತಕರಾರಿಲ್ರಿ."

"ಆದ್ರ ಫಲಕದ ಮ್ಯಾಲ..." ಎಂದು ಗ್ರಾಮಸೇವಕರು ಮತ್ತೆ ಶುರುಮಾಡಿದರು.

ಹಿಂದೆ ಕೂತಿದ್ದ ಆಯಿ ಎದ್ದಳು. "ಸಾಹೇಬಾ, ಕುರಿ ಆ ದಾರೀಲೆ ಹೋಗ್ತಾವೋ ಇಲ್ಲೋ?"

"ಹೋಗ್ತಾವ."

"ಅವಕ್ಕ ಯಾವತ್ತರ ಬ್ಯಾಡ ಅಂದೀಯೇನು?"

"ಇಲ್ಲ."

"ಮತ್ತ ಹಿಂದ ಬರಾವು ಬರಬೇಕು, ಮುಂದ ನಡ್ಯಾಂವ ಬರಬಾರ್ದಂದ್ರ ಹೆಂಗ? ಇವತ್ತಿಂದ ಆ ಸಾಯಕಲ್ಲು ಟಗರು ಅಂತ ಬರಕೋ."

ಗ್ರಾಮಸೇವಕರು ಕಾಯದೆಯ ಪುಸ್ತಕ ತಿರುವಿದರು. ಟಗರಿನ ಮೇಲೆ ಕಾಯದೆಯಲ್ಲಿ ಏನೂ ಸಿಗಲಿಲ್ಲ. ದಾರಿ ಭಾಯಿಗೆ ಉಳಿಯಿತು.

ಭಾಯಿ ಎಲ್ಲರಿಗೂ ಕೈ ಮುಗಿದರು. ಕುರಿಗಾರನ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಇನ್ನು ಬಾಜಾರಕ್ಕೆ ಹೊತ್ತಾಗುತ್ತದೆಂದು ಸಾಯಕಲ್ ಹತ್ತಿದರು. ಗಂಟೆ ಅಲುಗಿತು. ಅಷ್ಟೊತ್ತಿಗೆ ನೆರಳಿನಲ್ಲಿ ಮಲಗಿದ್ದ ಹಿಂಡೆಲ್ಲ ಒಮ್ಮೆಗೇ ಎದ್ದು ನಿಂತಿತು.

ಭಾಯಿ ಗಾಬರಿಯಾಗಿ ತಿರುಗಿ, "ಮಾವಾ, ನಿನ್ನ ಕುರಿ ಹಿಡಕೋ!" ಅಂದರು.

ಕುರಿಗಾರ ಆಗಷ್ಟೇ ಬೇವಿನ ಬೊಡ್ಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಕಪ್ಪಿನಿಂದ ಬಶಿಗೆ ಚಹಾ ಹುಯ್ದುಕೊಂಡಿದ್ದ. ಆ ಮನುಷ್ಯ ಹಗಲು ಹೊತ್ತಿನಲ್ಲಿ ಹಾಗೆ ಕೂತದ್ದನ್ನು ಊರು ಅದೇ ಮೊದಲು ಕಂಡಿತು. ಬಶಿಯಿಂದ ಬಾಯಿ ತೆಗೆಯದೆ ಹೇಳಿದ:

"ಹಳ್ಳದಾಗ ನೀರು ಕುಡಿಸಿ, ನಮ್ಮ ಮನೀ ಮುಂದ ಬಿಟ್ಟು ಹೋಗು ಭಾಯಿ. ನಾ ಹಿಂದಿಂದ ಬರ್ತೀನಿ."

ಓದಿದವರು ಇದನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳಬಾರದೆಂದು ನನ್ನ ವಿನಂತಿ. ಚಹಾದಂಗಡಿ, ಎಸ್.ಟಿ. ಬಸ್ಸಿನ ನಿಲ್ದಾಣ, ಎಲ್ಲಿ ನಾಲ್ಕು ಜನ ಸಿಗುತ್ತಾರೋ ಅಲ್ಲಿ ಹೇಳಿರಿ. ಹೇಳುವಾಗ ಕುರಿಗಳನ್ನು ಮಾತ್ರ ನಿಮ್ಮ ಕಡೆಯಿಂದ ಹೆಚ್ಚಿಸಬೇಡಿರಿ. ಇದ್ದವೇ ಬೇಕಾದಷ್ಟಿದ್ದವು.