ಕಸ್ತೂರೆವ್ವನವರ ಪಡಸಾಲೆಯಲ್ಲಿರುವ ಹಿಂದಿನ ಗಾಲಿಯ ಬಗ್ಗೆ

ಹಳೇ ವಿಲಾಯತಿ ಸೈಕಲ್ ಜೀರ್ಣೋದ್ಧಾರ ಖಾತೆ
ಮುಕ್ಕಾಂ: ಜಮಖಂಡಿ (ಸದ್ಯಕ್ಕೆ ಬನಹಟ್ಟಿ)
ಜಾವಕ ನಂಬರ್: ಸೈ/ಗಾ/೭, ಸನ್ ೧೯೩೬

ವಿಷಯ: ಖಾತೆಯೇ ಗುಜರಿಗೆ ಹಾಕಿದ ಸೈಕಲ್ಲನ್ನು ಖಾತೆಯೇ ಹುಡುಕಿ ಜೋಡಿಸುವ ಬಗ್ಗೆ.

ಉಲ್ಲೇಖ: ಹಳೇ ಸೈಕಲ್ ಎಂದರೆ ಊಟ ಬಿಡುವ ಗೋರಾ ಸಾಹೇಬರು ಬರುವ ಸೋಮವಾರ ತಪಾಸಣೆಗೆ ಬರಲಿರುವ ಸಂಗತಿ.

ಖಾತೆಯ ಸಮಸ್ತ ನೌಕರರಿಗೆ ತಿಳಿಯಪಡಿಸುವುದೇನೆಂದರೆ:

೧. ಸದರಿ ಸೈಕಲ್ ಸಂಸ್ಥಾನಕ್ಕೆ ಬಂದ ಮೊದಲನೆಯದು. ಜಮಖಂಡಿಯಲ್ಲಿ ಗಂಟೆ ಬಾರಿಸಿ ಹೊರಟರೆ, ಗಂಟೆಯ ಸಪ್ಪಳಕ್ಕಿಂತ ಮೊದಲೇ ಬೀಳಗಿ ಮುಟ್ಟುತ್ತಿತ್ತು. ಇದನ್ನು ಬೆನ್ನಟ್ಟಿ ಸೋತ ಮುಧೋಳದ ಬೇಟೆನಾಯಿಯೊಂದು ಇಂದಿಗೂ ಮುಖ ತೋರಿಸಲಾಗದೆ ಕುರಿಗಳ ನಡುವೆ ವಾಸಿಸುತ್ತಿದೆ. ಈ ಸಂಗತಿಯನ್ನು ಯಾರೂ ಪರಿಶೀಲಿಸತಕ್ಕದ್ದಲ್ಲ.

೨. ಸಾಹೇಬರು ಮೂಲ ಭಾಗಗಳನ್ನಲ್ಲದೆ ಬೇರೇನನ್ನೂ ಒಪ್ಪುವವರಲ್ಲ. ಆದ್ದರಿಂದ ಒಂದು ಹೊಸ ಮೊಳೆ ಹಾಕಿದ ನೌಕರರಿಗೂ, ಆ ಮೊಳೆಗೆ ಪೂರ್ತಿ ತುಕ್ಕು ಹಿಡಿಯುವವರೆಗೆ ರಜೆ ಮಂಜೂರಾಗುವುದಿಲ್ಲ.

೩. ಗಂಟೆಯು ಹಿಪ್ಪರಗಿಯ ಲಗಮಪ್ಪನವರ ಎಮ್ಮೆಯ ಕೋಡಿಗೆ ಬಿಗಿದ ಸ್ಥಿತಿಯಲ್ಲಿ ದೊರೆತಿದೆ. ಅದನ್ನು ಬಿಚ್ಚಿ ತಂದ ಮೇಲೆ, ಗಂಟೆ ಕೇಳದೆ ಎಮ್ಮೆ ಹಾಲು ಬಿಡದ ಕಾರಣ, ಜವಾನ ಸಾಬಣ್ಣನು ಎರಡೂ ಹೊತ್ತು ಅಲ್ಲಿ ಹಾಜರಿದ್ದು ಬಾಯಿಂದಲೇ "ಟ್ರಿಣ್ ಟ್ರಿಣ್" ಅನ್ನತಕ್ಕದ್ದು.

೪. ಚರ್ಮದ ಸೀಟು ಸಿಕ್ಕಿದೆ. ಪರೀಕ್ಷಾ ಸವಾರಿಗೆ ನೇಮಕವಾದ ಗುಮಾಸ್ತ, ತೇರದಾಳದ ಪದ್ಮರಾಜ ಅವರು "ನಾವು ಜೈನರ್ರಿ, ಚರ್ಮದ ಮ್ಯಾಲ ಕುಂಡ್ರೂದು ನಡೆಯೂದಿಲ್ಲ" ಎಂದು ತಿಳಿಸಿರುತ್ತಾರೆ. ಸೀಟನ್ನಾಗಲಿ ಗುಮಾಸ್ತರನ್ನಾಗಲಿ ಬದಲಿಸಲು ಅವಕಾಶವಿಲ್ಲವಾದ್ದರಿಂದ, ಅವರು ನಿಂತೇ ತುಳಿಯಲು ಈ ಮೂಲಕ ಪರವಾನಗಿ ಕೊಡಲಾಗಿದೆ.

೫. ಇನ್ನು ಹಿಂದಿನ ಗಾಲಿಯೊಂದೇ ಬಾಕಿ. ಅದು ಬನಹಟ್ಟಿಯ ಕಸ್ತೂರೆವ್ವನವರ ಪಡಸಾಲೆಯಲ್ಲಿ ರಾಟಿಯಾಗಿ ನಿಂತು, ಓಣಿಯ ಮಗ್ಗಗಳಿಗೆಲ್ಲ ಲಾಳಿಯೊಳಗಿನ ಸಣ್ಣ ಕೊಳವೆಗಳಾದ ಕಂಡಿಕೆಗಳಿಗೆ ನೂಲು ಸುತ್ತುತ್ತಿದೆ. ಸರಕಾರದ ಸ್ವತ್ತೆಂದು ಕೇಳಲಾಗಿ, ಸದರಿಯವರು "ಗಾಲಿ ಒಯ್ದರ ನನ್ನ ಒಲಿ ಹತ್ತೂದು ಹ್ಯಾಂಗ್ರೀ? ಬೇಕಾದ್ರ ಉಳದ ಸೈಕಲ್ಲ ಇಲ್ಲೇ ತಂದು ಜೋಡಸ್ರಿ!" ಎಂದು, ಲಿಖಿತವಲ್ಲದಿದ್ದರೂ ಓಣಿಗೆಲ್ಲ ಕೇಳಿಸಿದ ಉತ್ತರ ನೀಡಿರುತ್ತಾರೆ.

೬. ಅದರಂತೆ ಸೈಕಲ್ಲನ್ನು ರಾಟಿಗೆ ಜೋಡಿಸಲಾಗಿದೆ. ತಪಾಸಣೆಯು ಪಡಸಾಲೆಯಲ್ಲಿಯೇ ನಡೆಯುವುದು. ಅಲ್ಲಿಯವರೆಗೆ ಚೈನು ಜಡ್ಡುಗಟ್ಟದಂತೆ ನೌಕರರೆಲ್ಲರೂ ಪಾಳಿಯ ಪ್ರಕಾರ ತುಳಿಯತಕ್ಕದ್ದು. ಎಳೆ ಹರಿದರೆ ಹರಿದವರೇ ಗಂಟು ಹಾಕತಕ್ಕದ್ದು.

೭. ವೇಗದ ವಿಷಯದಲ್ಲಿ, ತುಳಿಯುವ ನೌಕರರಿಗೆ ಕಸ್ತೂರೆವ್ವನವರು ಹೇಳುವ "ಸಾವಕಾಶ ತುಳೀರಿ ಸಾಹೇಬ್ರ, ಓಡಿ ಎಲ್ಲಿ ಹೊಂಟೀರಿ?" ಎಂಬ ಮಾತನ್ನೇ ಖಾತೆಯ ಆದೇಶವೆಂದು ಭಾವಿಸತಕ್ಕದ್ದು. ಸೈಕಲ್ ಈಗಾಗಲೇ ಹೊಸ್ತಿಲು ದಾಟದೆ ವಿಲಾಯತಿಗೆ ಹೋಗಿಬಂದಷ್ಟು ದೂರ ಕ್ರಮಿಸಿದೆ.

(ಸಹಿ ಇಲ್ಲ. ಪಾಳಿಯ ಮೇಲಿರುವುದರಿಂದ ಎರಡೂ ಕೈ ಹ್ಯಾಂಡಲ್ಲಿನ ಮೇಲಿವೆ.)
ಖಾತೆಯ ಮುಖ್ಯಾಧಿಕಾರಿ

ಪ್ರತಿಗಳು:

ಗೋರಾ ಸಾಹೇಬರಿಗೆ: ಬೂಟು ಹೊರಗೆ ಬಿಟ್ಟು ಬರಲು ವಿನಂತಿಸಿ.

ಲಗಮಪ್ಪನವರ ಎಮ್ಮೆಗೆ: ಸಾಬಣ್ಣನ ಮುಖಾಂತರ, ಬಾಯಿಮಾತಿನಲ್ಲಿ.

ಮುಧೋಳದ ನಾಯಿಗೆ: ಸೈಕಲ್ ಇನ್ನು ಬೀದಿಗೆ ಬರುವುದಿಲ್ಲವಾದ್ದರಿಂದ ಮನೆಗೆ ಮರಳಬಹುದೆಂದು.

ಕಸ್ತೂರೆವ್ವನವರಿಗೆ: ಓದಿ ಹೇಳಲಾಯಿತು. "ಕಾಗದ ಗಟ್ಟಿ ಐತ್ರಿ, ಇಂಥಾವ ಇನ್ನಷ್ಟ ಕಳಸ್ರಿ" ಎನ್ನುತ್ತ ಕಂಡಿಕೆಯಂತೆ ಸುರುಳಿ ಮಾಡಿ, ಅದರ ಮೇಲೆ ನೂಲು ಸುತ್ತತೊಡಗಿದ್ದಾರೆ. ಕಚೇರಿಯ ಪ್ರತಿಯೂ ಅದೇ ಆಗಿತ್ತು.