ಮಾವನ ಬಾಯಲ್ಲಿ ನೂರು ಪಿಟೀಲು

ನಮ್ಮ ಸೋದರಮಾವ ಯಾವತ್ತೂ ಒಬ್ಬನೇ ಬಂದವನಲ್ಲ ಕಣ್ರೀ! ನೂರು ಪಿಟೀಲು, ಹತ್ತಾರು ತುತ್ತೂರಿ, ದೊಡ್ಡ ನಗಾರಿ ಎಲ್ಲವೂ ಜೊತೆಗೇ ಬರುತ್ತಿದ್ದವು. ಅಷ್ಟೂ ಅವನ ಬಾಯೊಳಗೆ!

ಅರವತ್ತರ ದಶಕ. ಅವನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ. ಟಾಕೀಸಿಗೆ ರಾಜಮಹಾರಾಜರ ಸಿನಿಮಾ ಬಂತೋ, ಕನ್ನಡವೋ ತೆಲುಗೋ ತಮಿಳೋ ನೋಡದೆ ನುಗ್ಗುತ್ತಿದ್ದ. ಕಥೆ ಯಾರಿಗೆ ಬೇಕು? ಅವನಿಗೆ ಬೇಕಾದದ್ದು ಹಿನ್ನೆಲೆಯಲ್ಲಿ ಭೋರ್ಗರೆಯುವ ಆ ವಿಲಾಯಿತಿ ವಾದ್ಯಮೇಳ. ಭಾನುವಾರ ರೈಲು ಹತ್ತಿ ಶಿವಮೊಗ್ಗದ ನಮ್ಮ ಮನೆಗೆ ಬಂದನೆಂದರೆ ಇಡೀ ಮನೆಯೇ ಸಿನಿಮಾ! ಅಜ್ಜಿ ಸ್ನಾನ ಮುಗಿಸಿ ಬಂದರೆ ರಾಜಮಾತೆಯ ತುತ್ತೂರಿ. ಅಪ್ಪ ಕೊಡೆ ಹಿಡಿದು ಹೊರಟರೆ ಯುದ್ಧದ ನಗಾರಿ. ಬೆಕ್ಕು ಹಾಲಿನ ಪಾತ್ರೆಯ ಬಳಿ ಸುಳಿದರೆ ಗೂಢಚಾರನ ಸಣ್ಣ ಪಿಟೀಲು!

"ಅಲ್ಲ ಮಾರಾಯ, ಚಾಲುಕ್ಯರ ಕಾಲದಲ್ಲಿ ಪಿಟೀಲು ಎಲ್ಲಿತ್ತೋ?" ಎಂದು ಅಪ್ಪ ಕೆಣಕಿದರು.

"ಕ್ಯಾಮೆರಾ ಇತ್ತಾ ಭಾವ?"

ಅಪ್ಪ ಪೇಪರಿನೊಳಗೆ ಮುಖ ಹುದುಗಿಸಿಕೊಂಡರು.

ನನಗೆ ಬೇರೆ ಪಾಠ. "ಕಿರೀಟ ರಟ್ಟಿಂದು ಕಣೇ ಪುಟ್ಟಿ. ಹಿಂದ್ಗಡೆ ಪಿಟೀಲು ನಿಲ್ಸಿದ್ರೆ ಚಕ್ರವರ್ತಿನೂ ಬಸ್ಸಿಗೆ ಕಾಯೋನ ಥರಾನೇ ಕಾಣ್ತಾನೆ!"

ಇಂಥವನನ್ನು ನನ್ನ ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂರಿಸಬಹುದೇ? ಕೂರಿಸಿದರು! ಹುಡುಗನ ಅಪ್ಪ ಮೀಸೆ ತಿರುವುತ್ತಾ ಒಳಗೆ ಕಾಲಿಟ್ಟದ್ದೇ ತಡ, ಮೂಲೆಯಿಂದ ದ್ರೋಹಿ ಮಂತ್ರಿಯ ಸಂಗೀತ: "ಝೂಂ... ಝೂಂ..."

"ಏನ್ರೀ ಅದು ಸದ್ದು?"

"ಪಕ್ಕದಲ್ಲಿ ಹಿಟ್ಟಿನ ಗಿರಣಿ," ಎಂದಳು ಅಮ್ಮ.

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗಿ ಬಣ್ಣ ಸ್ವಲ್ಪ ಕಪ್ಪಾಯ್ತು," ಎಂದ.

"ಢಂ!!"

ಗಂಡಿನವರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದು ಹೋದರು.

"ಇನ್ನೊಂದ್ಸಲ ಬಾಯಿ ಬಿಟ್ರೆ ನೋಡು, ಈ ಮನೆ ಹೊಸ್ತಿಲು ತುಳೀಬೇಡ!" ಅಮ್ಮ ತನ್ನ ತಮ್ಮನಿಗೆ ಹೇಳಿಯೇಬಿಟ್ಟಳು.

ಆ ಇನ್ನೊಂದು ಸಲವೂ ಬಂತು. ಬೇರೆ ಹುಡುಗ. ಮಾವ ಬಾಯಿ ತುಂಬ ಎಲೆ ಅಡಿಕೆ ಜಡಿದುಕೊಂಡು ಕೂತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಾನು, ಕೈಯಲ್ಲಿ ಕಾಫಿ ತಟ್ಟೆ. 'ಕಪ್ಪಾಯ್ತು' ಎಂಬ ಮಾತು ಇನ್ನೂ ಕಿವಿಯಲ್ಲೇ ಕೂತಿತ್ತು. ಲೋಟಗಳು ಗಡಗಡ. "ಬಾರಮ್ಮ," ಎಂದರು ಅಪ್ಪ. ಕಾಲು ಏಳಲೇ ಇಲ್ಲ.

ಮಾವ ನನ್ನ ಕಡೆ ನೋಡಿದ. ಅಮ್ಮನ ಕಡೆ ನೋಡಿದ. ಎದ್ದು ಹೋಗಿ ಅಂಗಳದಲ್ಲಿ ಎಲೆ ಅಡಿಕೆ ಉಗಿದು ಬಂದ. ಆಮೇಲೆ ಶುರುವಾಯಿತು, ಬರೀ ಪಿಟೀಲು. ಮೆತ್ತಗೆ. ತುಂಬಿದ ಸಭೆಗೆ ಮಹಾರಾಣಿ ಬರುವಾಗಿನದು.

ಅಮ್ಮ ಸುಮ್ಮನಿರಿಸಲಿಲ್ಲ.

ಲೋಟಗಳ ಸದ್ದು ನಿಂತಿತು. ತಲೆ ಎತ್ತಿಕೊಂಡೇ ಸಭೆಗೆ ಹೋದೆ. ಹುಡುಗ, ಪಾಪ, ತನಗೇ ಗೊತ್ತಿಲ್ಲದ ಹಾಗೆ ಎದ್ದು ನಿಂತಿದ್ದ.